ಬಾವಂಚಿಯೂ ಬೆಳಕಿನ ಚಿಕಿತ್ಸೆಯೂ : ಒಂದು ವಂಶವಿಚಾರ

ಪ್ರಾಚೀನ ಗುತ್ತವೊಳಲು, ಎಂದರೆ ಈಗಿನ ಗುತ್ತಲದಿಂದ ಆಳಿದ ಗುತ್ತರಸರು ಉಜ್ಜಯಿನೀಪುರವರಾಧೀಶ್ವರರೆಂಬ ಬಿರುದನ್ನು ಧರಿಸಿ, ತಮ್ಮ ವಂಶವನ್ನು ಚಂದ್ರಗುಪ್ತ ವಿಕ್ರಮಾದಿತ್ಯನಿಂದ ಎಣಿಸಿಕೊಂಡಿರುವುದು ಶಾಸನಾಭ್ಯಾಸಿಗಳೆಲ್ಲರೂ ಬಲ್ಲ ಸಂಗತಿ. ಕಲ್ಯಾಣದ ಚಾಲುಕ್ಯರಿಗೂ ಮುಂದೆ ದೇವಗಿರಿಯ ಯಾದವರಿಗೂ ಮಾಂಡಲಿಕರಾಗಿ ಇವರು ೧೨-೧೩ನೆಯ ಶತಮಾನಗಳಲ್ಲಿ ಆಳಿದುದಕ್ಕೆ ಚೌಡದಾನಪುರದ ಶಿಲಾಲೇಖಗಳು ಸಾಕ್ಷಿಯಾಗಿವೆ. ಆದರೆ ಗುಪ್ತಸಾಮ್ರಾಜ್ಯಕ್ಕೂ ಇವರಿಗೂ ನಡುವೆ ಏಳೆಂಟು ಶತಮಾನಗಳ ಅಂತರವಿದೆ. ಹೆಸರಿನ ಸಾಮ್ಯವೊಂದರಿಂದಲೇ ಅದನ್ನು ದಾಟಲಾಗದು.

ಇಂತಹುದೇ ಒಂದು ವಂಶಕಲ್ಪನೆ ವೈದ್ಯದ ಇತಿಹಾಸದಲ್ಲಿಯೂ ರೂಢಿಗೆ ಬಂದಿದೆ. ರೋಗಿಯ ದೇಹಕ್ಕೆ ಒಂದು ವರ್ಣದ್ರವ್ಯವನ್ನು ಸೇರಿಸಿ, ಕ್ಯಾನ್ಸರಿನ ಗಂಟಿನ ಮೇಲೆ ಬೆಳಕನ್ನು ಬೀರಿ, ಆ ಬೆಳಕಿನಿಂದ ಕೆರಳಿದ ವರ್ಣದ ಮೂಲಕ ಗಂಟನ್ನು ಕೊಲ್ಲುವ ವಿಧಾನಕ್ಕೆ ಫೋಟೋಡೈನಮಿಕ್ ಚಿಕಿತ್ಸೆಯೆಂದು ಹೆಸರು. ಬಾವಂಚಿಯ ಬೀಜವನ್ನು ಬಿಸಿಲಿನೊಡನೆ ಕೂಡಿಸಿ ತೊನ್ನಿಗೆ ಮದ್ದು ಮಾಡುತ್ತಿದ್ದ ನಮ್ಮ ಪೂರ್ವಿಕರೇ ಇದರ ಮೂಲಪುರುಷರೆಂದು ಹೇಳುವವರುಂಟು. ಪಾಶ್ಚಾತ್ಯರ ಸಮೀಕ್ಷಾಲೇಖನಗಳ ಪೀಠಿಕೆಗಳಲ್ಲಿಯೂ ಈ ಮಾತು ಕಾಣಿಸಿಕೊಳ್ಳುತ್ತದೆ. ಅಭಿಮಾನಕ್ಕೆ ಹಿತವಾದ ಮಾತಾದುದರಿಂದಲೇ ಇದನ್ನು ನಾವು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕಾಗಿದೆ.

ಬಾವಂಚಿಯು ನಮ್ಮ ಬಯಲುಸೀಮೆಯಲ್ಲಿ ಬಿತ್ತದೆ ಬೆಳೆಯುವ ಸಣ್ಣ ಗಿಡ. ಸಂಸ್ಕೃತ ಗ್ರಂಥಗಳು ಇದನ್ನು ಬಾಕುಚೀ, ಅವಲ್ಗುಜ, ಸೋಮರಾಜೀ ಎಂದು ಕರೆದು ಶ್ವಿತ್ರಕ್ಕೆ, ಎಂದರೆ ತೊನ್ನಿಗೆ, ಮತ್ತೆ ಮತ್ತೆ ವಿಧಿಸುತ್ತವೆ. ಬಿಸಿಲಿನ ಮಾತು ಸ್ಪಷ್ಟವಾಗಿ ಬರುವುದು ಚರಕಸಂಹಿತೆಯ ಕುಷ್ಠಚಿಕಿತ್ಸೆಯಲ್ಲಿ. ಶ್ವಿತ್ರರೋಗಿಗೆ ಮಲಪೂವಿನ ರಸವನ್ನು ಬೆಲ್ಲದೊಡನೆ ಕುಡಿಸಿ, ಶಕ್ತಿಯಿದ್ದಷ್ಟು ಬಿಸಿಲನ್ನು ಸೇವಿಸಹೇಳಿ, ಬಿಳಿಯ ಮಚ್ಚೆಗಳ ಮೇಲೆ ಏಳುವ ಬೊಬ್ಬೆಗಳನ್ನು ಮುಳ್ಳಿನಿಂದ ಒಡೆಯಬೇಕೆಂದು ಅಲ್ಲಿ ವಿಧಿಯಿದೆ. ಮಲಪೂ ಎಂದರೆ ಕಾಕೋದುಂಬರ, ಅತ್ತಿಯ ಕುಲದ ಕಾಡುಮರ. ಅದೇ ಕುಲದ ಅಂಜೂರದ ಹಾಲು ಮೈಗೆ ತಗುಲಿ ಬಿಸಿಲು ಬಿದ್ದರೆ ಬೊಬ್ಬೆ ಏಳುವುದು ಇಂದಿನ ಚರ್ಮವೈದ್ಯರಿಗೂ ತಿಳಿದ ವಿಷಯ. ಆದಕಾರಣ ಚರಕದ ವಾಕ್ಯವು ಕಣ್ಣಾರೆ ಕಂಡವರ ಮಾತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಶ್ವಿತ್ರದ ಪ್ರಕರಣ. ಅರ್ಬುದಕ್ಕೆ ಸುಶ್ರುತನು ಮುಖ್ಯವಾಗಿ ನೆಚ್ಚುವುದು ಶಸ್ತ್ರವನ್ನು, ಕ್ಷಾರವನ್ನು, ಅಗ್ನಿಯನ್ನು.

ಈ ಪ್ರಾಚೀನ ಅನುಭವಕ್ಕೆ ಆಧುನಿಕ ರಸಾಯನಶಾಸ್ತ್ರದ ಮುದ್ರೆ ಬಿದ್ದುದು ಕನ್ನಡನಾಡಿನಲ್ಲಿಯೇ ಎಂಬುದನ್ನು ನಮ್ಮವರು ಮರೆತಂತಿದೆ. ೧೯೩೩ರಲ್ಲಿ ಬೆಂಗಳೂರಿನ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್, ಎಸ್. ವೆಂಕಟರಾವ್ ಎಂಬ ಮೂವರು ಬಾವಂಚಿಯ ಬೀಜಗಳನ್ನು ಶೋಧಿಸಿ, ಅದರಿಂದ ಸ್ಫಟಿಕರೂಪದ ವಸ್ತುವನ್ನು ಬೇರ್ಪಡಿಸಿ, ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಸೊರಾಲೆನ್, ಗಿಡದ ಲ್ಯಾಟಿನ್ ನಾಮದಿಂದ ಬಂದ ಹೆಸರು. ೧೯೩೬ರಲ್ಲಿ ಅರ್ನ್ಸ್ಟ್ ಷ್ಪೇಟ್ ಎಂಬ ವಿಯೆನ್ನದ ಪಂಡಿತನೂ ಪೈಲರ್ ಎಂಬಾತನೂ ಮಂಜುನಾಥ್ ಮತ್ತು ಜೋಯಿಸರೊಡನೆ ಕೂಡಿ ಅದರ ರಚನೆಯನ್ನೂ ಕೃತಕ ನಿರ್ಮಾಣವನ್ನೂ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಮುಂದೆ ೧೯೪೦ರ ದಶಕದಲ್ಲಿ ಕೈರೋ ನಗರದ ಎಲ್ ಮೊಫ್ತಿಯವರು ನೈಲ್ ತೀರದ ಬೇರೊಂದು ಗಿಡದಿಂದ ದೊರೆತ ಇದರ ಸೋದರದ್ರವ್ಯವನ್ನು ತೊನ್ನಿಗೆ ಪ್ರಯೋಗಿಸಿದರು. ವಂಶಾವಳಿ ಬೇಕೆನ್ನುವವರಿಗೆ ಇದೋ ಒಂದು ದೊರೆಯಿತು, ತಕ್ಕಷ್ಟು ಕೊಂಡಿಗಳೊಡನೆ.

ಆದರೆ ಕ್ಯಾನ್ಸರಿನ ವರ್ಣಚಿಕಿತ್ಸೆ ಹುಟ್ಟಿದ ಮನೆ ಬೇರೆ. ಮ್ಯೂನಿಕ್ ನಗರದಲ್ಲಿ ಹೆರ್ಮನ್ ಫಾನ್ ಟಾಪೈನರನ ಕೈಕೆಳಗೆ ಆಸ್ಕರ್ ರಾಬ್ ಎಂಬ ವೈದ್ಯವಿದ್ಯಾರ್ಥಿ ಆಕ್ರಿಡಿನ್ ಎಂಬ ದ್ರವ್ಯವು ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಯನ್ನು ಎಷ್ಟು ಹೊತ್ತಿನಲ್ಲಿ ಕೊಲ್ಲುವುದೆಂದು ಅಳೆಯುತ್ತಿದ್ದನು. ಒಂದು ದಿನದ ಲೆಕ್ಕ ಇನ್ನೊಂದು ದಿನಕ್ಕೆ ಹೊಂದಲಿಲ್ಲ. ಗುಡುಗುಮಳೆಯಿಂದ ಕವಿದಿದ್ದ ದಿನ ಜೀವಿಗಳು ಬಹಳ ಹೊತ್ತು ಬದುಕಿದ್ದುವು. ದ್ರವ್ಯವೊಂದೇ ಆಗಲಿ ಬೆಳಕೊಂದೇ ಆಗಲಿ ಕೊಲ್ಲುವುದಿಲ್ಲ, ಎರಡೂ ಕೂಡಬೇಕು ಎಂಬುದನ್ನು ಅವನು ೧೯೦೦ರಲ್ಲಿ ಪ್ರಕಟಿಸಿದನು. ೧೯೦೩ರಲ್ಲಿ ಟಾಪೈನರನೂ ಯೆಸಿಯೊನೆಕ್ ಎಂಬ ಚರ್ಮವೈದ್ಯನೂ ಚರ್ಮದ ಕ್ಯಾನ್ಸರಿಗೆ ಇಯೋಸಿನ್ ಬಣ್ಣವನ್ನು ಬಳಿದು ಬೆಳಕಿಗೆ ಒಡ್ಡಿದರು. ಅಧ್ಯಾಪಕರಾದ ನಾವೆಲ್ಲ ಉತ್ತರಪತ್ರಿಕೆಗಳ ಮೇಲೆ ಧಾರಾಳವಾಗಿ ಸುರಿಸಿದ ಕೆಂಪು ಶಾಯಿಗೆ ಬಹುಕಾಲ ಬಣ್ಣ ಕೊಟ್ಟುದು ಇದೇ ಇಯೋಸಿನ್. ಈ ಕ್ರಿಯೆಗೆ ಆಮ್ಲಜನಕವೂ ಬೇಕೆಂಬುದು ೧೯೦೪ರ ಹೊತ್ತಿಗೆ ತಿಳಿದು, 'ಫೋಟೋಡೈನಮಿಕ್' ಎಂಬ ನಾಮಕರಣವಾಯಿತು.

ಆಮ್ಲಜನಕದ ಈ ಮಾತೇ ನಮ್ಮ ವಿವಾದಕ್ಕೆ ತೀರ್ಪು. ಫೋಟೋಡೈನಮಿಕ್ ವರ್ಣವು ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುತ್ತದೆ; ಕೆರಳಿದ ಆಮ್ಲಜನಕವು ಜೀವಕಣವನ್ನು ಸುಡುತ್ತದೆ. ಸೊರಾಲೆನ್ನಾದರೋ ಅತಿನೇರಳೆ ಕಿರಣಗಳಿಂದ ಕೆರಳಿ ತಾನೇ ಡಿ.ಎನ್.ಎ. ಎಳೆಗಳಿಗೆ ಅಂಟಿ ಅವನ್ನು ಬಿಗಿಯುತ್ತದೆ. ಅದರ ಈ ಮುಖ್ಯ ಕೆಲಸಕ್ಕೆ ಆಮ್ಲಜನಕ ಬೇಡ. ಆದುದರಿಂದ ಇವೆರಡೂ ನೆರೆಹೊರೆಯ ಮನೆಗಳೇ ಹೊರತು ತಂದೆಮಕ್ಕಳಲ್ಲ. ಬಾವಂಚಿಯ ಕುಲವೂ ಕ್ಯಾನ್ಸರನ್ನು ಮುಟ್ಟದೆ ಉಳಿಯಲಿಲ್ಲವೆನ್ನಿ: ೧೯೮೭ರಲ್ಲಿ ಅಮೆರಿಕದ ಎಡೆಲ್ಸನ್ ಮತ್ತು ಸಂಗಡಿಗರು ಚರ್ಮದ ಒಂದು ಬಗೆಯ ಲಿಂಫೋಮಾ ರೋಗಕ್ಕೆ ಸೊರಾಲೆನ್ ಜಾತಿಯ ಔಷಧವನ್ನು ಕೊಟ್ಟು, ರಕ್ತವನ್ನು ಹೊರತೆಗೆದು, ಅದರ ಬಿಳಿಯ ಕಣಗಳಿಗೆ ಕಿರಣ ತಾಗಿಸಿ, ಮರಳಿ ದೇಹಕ್ಕೆ ಸೇರಿಸುವ ಕ್ರಮವನ್ನು ಪ್ರಕಟಿಸಿದರು.

ಮ್ಯೂನಿಕ್ಕಿನ ಶಾಖೆ ಬಹುಕಾಲ ಸೊರಗಿದ್ದು, ೧೯೭೮ರಲ್ಲಿ ಬಫೆಲೋ ನಗರದ ಥಾಮಸ್ ಡೌಗರ್ಟಿಯವರಿಂದ ಚಿಗುರಿತು. ೨೫ ಮಂದಿ ರೋಗಿಗಳ ೧೧೩ ಗಂಟುಗಳಲ್ಲಿ ೧೧೧ ಪೂರ್ಣವಾಗಿಯೋ ಅಂಶತಃವೋ ಕರಗಿದುವು. ೧೯೯೩ರಲ್ಲಿ ಕೆನಡಾ ದೇಶವು ಮೂತ್ರಕೋಶದ ಕ್ಯಾನ್ಸರಿಗೆ ಫೋಟೋಫ್ರಿನ್ ಎಂಬ ಔಷಧವನ್ನು ಅಂಗೀಕರಿಸಿತು. ಅದನ್ನು ಕೆರಳಿಸುವುದು ೬೩೦ ನ್ಯಾನೋಮೀಟರಿನ ಕೆಂಪು ಬೆಳಕು. ಅದು ಮಾಂಸದಲ್ಲಿ ಆಳಕ್ಕೆ ಇಳಿಯದಾದುದರಿಂದ ದೊಡ್ಡ ಗಂಟುಗಳಿಗೆ ಈ ಚಿಕಿತ್ಸೆ ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿಯವರ ಬಳಗವು ಅರಿಶಿನದ ಬಣ್ಣವಾದ ಕರ್ಕ್ಯುಮಿನ್ನನ್ನು ಪ್ಲಾಟಿನಂ ಮೊದಲಾದ ಲೋಹಗಳೊಡನೆ ಕೂಡಿಸಿ, ಬೆಳಕಿನಲ್ಲಿ ಕ್ಯಾನ್ಸರ್ ಕಣಗಳು ಸಾಯುವುದನ್ನು ತೋರಿಸಿದೆ. ಅರಿಶಿನದ ಕಲೆ ಬಿಸಿಲಿನಲ್ಲಿ ಹಾರಿಹೋಗುವುದನ್ನು ನಮ್ಮ ಮನೆಯ ಹೆಂಗಸರೆಲ್ಲ ಬಲ್ಲರು. ಆ ಚಂಚಲವಾದ ಬಣ್ಣವನ್ನು ಲೋಹವು ನಿಲ್ಲಿಸಿ ಹಿಡಿಯುತ್ತದೆ. ಇವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕಣಗಳ ಮೇಲಿನ ಪ್ರಯೋಗಗಳು, ರೋಗಿಗಳ ಮೇಲಿನವಲ್ಲ.

ಫೋಟೋಫ್ರಿನ್ ಪಡೆದವನ ಮೈಯಲ್ಲಿ ಆ ವರ್ಣ ವಾರಗಟ್ಟಲೆ ಉಳಿಯುವುದರಿಂದ ಅವನು ಕಡಮೆಯೆಂದರೆ ೩೦ ದಿನ ಬಿಸಿಲಿಗೆ ಮೈಯೊಡ್ಡಕೂಡದು. ಚರಕನು ತನ್ನ ರೋಗಿಯನ್ನು ಬಿಸಿಲಿಗೆ ಕಳುಹಿದನು. ಇಂದಿನ ವೈದ್ಯನು ದೀಪ ಆರಿದೊಡನೆ ನೆರಳಿಗೆ ಕಳುಹುತ್ತಾನೆ. ಗುತ್ತಲದ ಕಡೆಯ ಕೂಲಿಯವನು ಕಳೆ ಕೀಳುವ ಕಾಲದಲ್ಲಿ ಒಂದು ತಿಂಗಳು ಒಳಗೆ ಕುಳಿತರೆ ಅವನ ಮನೆಯ ಒಲೆ ಹೇಗೆ ಉರಿದೀತೆಂಬುದು ಆ ಚೀಟಿಯಲ್ಲಿ ಬರೆದಿರುವುದಿಲ್ಲ.