ತಡವಾಗಿ ಬಂದ ಚಿತ್ರಗಳು, ಬಾರದ ಸವಾರರು



ವಡೋದರಾಕ್ಕೆ ಹೋದವರು ವಿಶ್ವಾಮಿತ್ರಿ ನದಿ ದಂಡೆಯ ಸಯಾಜಿ ಬಾಗ್ ನೋಡದೆ ಬರುವುದಿಲ್ಲ. ಊರವರ ಬಾಯಲ್ಲಿ ಅದು ಕಮಾಟಿ ಬಾಗ್. ಮೂರನೇ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1879ರಲ್ಲಿ ಆದ ಉದ್ಯಾನ ಇದು. ಒಳಗಿನ ವಸ್ತುಸಂಗ್ರಹಾಲಯ 1894ರದು. ಮಕ್ಕಳು ಅಲ್ಲಿ ತಿಮಿಂಗಿಲದ ಅಸ್ಥಿಪಂಜರ ನೋಡುತ್ತಿರಲಿ. ನೀವು ಪಕ್ಕದ ಚಿತ್ರಶಾಲೆಯ ಎರಡು ಇಸವಿಗಳನ್ನು ಗಮನಿಸಿ. ಕಟ್ಟಡ ಮುಗಿದದ್ದು 1914ರಲ್ಲಿ, ಬಾಗಿಲು ತೆರೆದದ್ದು 1921ರಲ್ಲಿ.

ಏಳು ವರ್ಷ ಯಾಕೆ ಬೇಕಾಯಿತು? ನಡುವೆ ಮೊದಲನೇ ಮಹಾಯುದ್ಧ ಬಂತು. ಮಹಾರಾಜರಿಗಾಗಿ ಯುರೋಪಿನಲ್ಲಿ ಕೂಡಿಸಿದ ಚಿತ್ರಗಳು ಇಲ್ಲಿಗೆ ತಲುಪುವುದು ತಡವಾಯಿತು.

ಅದೇ ಯುದ್ಧಕ್ಕೆ ನಮ್ಮ ಕಡೆಯಿಂದ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಅದು ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಯುದ್ಧದಲ್ಲಿ ಮಡಿದ ಸವಾರರ ಹೆಸರುಗಳು ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದಲ್ಲಿವೆ. ಊರಿಗೆ ಹೋದಾಗ ಒಮ್ಮೆ ಅಲ್ಲಿ ನಿಂತು ಓದಿ ಬನ್ನಿ.

ಚಿತ್ರಗಳು ತಡವಾಗಿಯಾದರೂ ಬಂದವು, ಆ ಸವಾರರು ಬರಲಿಲ್ಲ. ಮುಂದಿನ ಭಾನುವಾರ ಚಿತ್ರಶಾಲೆಯ ಒಳಗೆ ಕಾಲಿಡುವಾಗ ಇದೊಂದು ನೆನಪಿರಲಿ.