ಕೊರಳಿನ ಮದ್ದು, ಎಲುಬಿನ ನೋವು

ಕಳೆದ ಬನದ ಹುಣ್ಣಿವೆಗೆ ಬೈಲಹೊಂಗಲದ ನಮ್ಮ ದೊಡ್ಡವ್ವನನ್ನು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯಬೇಕೆಂದು ಹೋಗಿದ್ದೆ. ವರುಷವೂ ತಪ್ಪದೆ ಹೋಗುತ್ತಿದ್ದ ಮುದುಕಿ ಈ ಸಲ ಹೊಸ್ತಿಲು ದಾಟಲೊಲ್ಲಳು. ಮೊಳಕಾಲಿನ ನೋವು ಹಳೆಯದು. ಬೆರಳಿನ ಸಂದುಗಳು ಬಿಗಿಯುವುದು ಹೊಸದು. ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. “ಆ ಥೈರಾಯ್ಡ್ ಗುಳಿಗಿ ಎಲುಬ ತಿಂತೈತಂತ, ತಮ್ಮಾ. ಅದಕ್ಕ ಎರಡ ತಿಂಗಳಾತು, ಬಿಟ್ಟೀನಿ” ಎಂದಳು. ಯಾರು ಹೇಳಿದರೆಂದು ಕೇಳಿದರೆ ರಾಮದುರ್ಗದ ಬೀಗರಿಂದ ಹಿಡಿದು ಕಿತ್ತೂರಿನ ಬಳೆಗಾರನವರೆಗೆ ಎಲ್ಲರೂ ಹೇಳಿದವರೇ!

ನಾನು ಕನ್ನಡ ಕಲಿಸುವವನು, ವೈದ್ಯನಲ್ಲ. ಆದರೆ ಒಂದು ಮಾತು ಎಲ್ಲಿ ಹುಟ್ಟಿತು, ಬಾಯಿಂದ ಬಾಯಿಗೆ ಬರುವಾಗ ಅದರ ಅರ್ಥ ಎಲ್ಲಿ ಜಾರಿತು ಎಂದು ಹುಡುಕುವುದು ನಮ್ಮ ಕಸುಬು. ‘ಎಲುಬು ತಿನ್ನುವ ಗುಳಿಗೆ’ ಎಂಬ ಈ ಮಾತಿಗೂ ನೂರು ವರುಷಕ್ಕೆ ಮೀರಿದ ಇತಿಹಾಸವುಂಟು.

ಕೊರಳು ಊದಿಕೊಳ್ಳುವ ಬೇನೆಯನ್ನು ನಮ್ಮ ಪೂರ್ವಿಕರು ಬಲ್ಲವರೇ ಆಗಿದ್ದರು. ಸುಶ್ರುತನು ತನ್ನ ಸಂಹಿತೆಯ ನಿದಾನಸ್ಥಾನದಲ್ಲಿ ‘ಗಳಗಂಡ’ವನ್ನು ವಿವರಿಸಿದ್ದಾನೆ. ಸವದತ್ತಿಯು ಸುಗಂಧವರ್ತಿಯೆನಿಸಿ ರಟ್ಟರ ಆಳಿಕೆಯಲ್ಲಿದ್ದ ೧೨ನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದುಕೊಟ್ಟನು. ಆದರೆ ಊತ ಕಣ್ಣಿಗೆ ಕಾಣುತ್ತದೆ. ಕೊರಳೊಳಗಿನ ಆ ಪುಟ್ಟ ಗ್ರಂಥಿ ಮಾಡುವ ಕೆಲಸ ಕಾಣುವುದಿಲ್ಲ. ಅದನ್ನು ಅರಿಯಲು ಜಗತ್ತು ೧೯ನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

೧೮೭೩ರಲ್ಲಿ ಇಂಗ್ಲಂಡದ ವಿಲಿಯಂ ಗಲ್ ಎಂಬ ವೈದ್ಯನು, ಮೈ ಮಂದವಾಗಿ, ಮುಖ ಊದಿ, ಮಾತು ನಿಧಾನವಾಗುವ ಹೆಂಗಸರ ಒಂದು ರೋಗವನ್ನು ವರ್ಣಿಸಿದನು. ಇದು ಥೈರಾಯ್ಡ್ ಗ್ರಂಥಿಯ ರಸ ಬತ್ತಿದ್ದರ ಫಲವೆಂದು ಮುಂದೆ ತಿಳಿದುಬಂತು. ಇನ್ನು ೧೮೯೧ನೆಯ ಇಸವಿಗೆ ಬರೋಣ. ನಮ್ಮ ಕಥೆಯ ಎರಡು ಎಳೆಗಳೂ ಅಲ್ಲಿಂದಲೇ ಹೊರಡುತ್ತವೆ.

ಆ ವರುಷ ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಥೈರಾಯ್ಡ್ ಗ್ರಂಥಿಯಿಂದ ರಸ ತೆಗೆದು, ಈ ರೋಗದಿಂದ ನರಳುತ್ತಿದ್ದ ೪೬ ವರುಷದ ಹೆಂಗಸಿಗೆ ಚುಚ್ಚಿದನು. ಆಕೆ ಚೇತರಿಸಿಕೊಂಡಳು. ಮುಂದೆ ೨೮ ವರುಷ ಬದುಕಿ, ೧೯೧೯ರಲ್ಲಿ ತನ್ನ ೭೪ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ಕಾಲಕ್ಕೆ ಬೇಕಾದ ಮದ್ದಿಗೆ ೮೭೦ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಸಂದವಂತೆ. ನಮ್ಮ ಕಡೆಯ ಕುರುಬರ ಹಲವು ಹಿಂಡು ಸೇರಿದರೂ ಹೆಚ್ಚೇ ಆದೀತು!

ಅದೇ ೧೮೯೧ರಲ್ಲಿ ಫಾನ್ ರೆಕ್ಲಿಂಗ್‌ಹೌಸನ್ ಎಂಬ ಜರ್ಮನ್ ಪಂಡಿತನು ಬೇರೊಂದು ಸಂಗತಿಯನ್ನು ವರದಿ ಮಾಡಿದನು. ಥೈರಾಯ್ಡ್ ರಸ ಮಿತಿಮೀರಿ ಉಕ್ಕಿ ಸತ್ತ ಒಬ್ಬ ತರುಣಿಯ ಉದ್ದೆಲುಬುಗಳು ಹುಳು ತಿಂದ ಕಟ್ಟಿಗೆಯಂತೆ ತೂತುತೂತಾಗಿದ್ದವು. ‘ಎಲುಬು ತಿನ್ನುತ್ತದೆ’ ಎಂಬ ಮಾತಿನ ಬೇರು ಇಲ್ಲಿದೆ. ವಾಚಕರು ಒಂದನ್ನು ಗಮನಿಸಬೇಕು. ಆ ತರುಣಿ ಯಾವ ಮದ್ದನ್ನೂ ತಿಂದವಳಲ್ಲ. ಆಕೆಯ ಎಲುಬನ್ನು ಸವೆಸಿದ್ದು ಆಕೆಯ ಗ್ರಂಥಿಯದೇ ಅತಿರೇಕ.

ಹಾಗಾದರೆ ದೋಷ ಗುಳಿಗೆಯ ಮೇಲೆ ಬಂದದ್ದು ಹೇಗೆ? ೧೯೧೪ರಲ್ಲಿ ಅಮೇರಿಕೆಯ ಕೆಂಡಾಲ್ ಈ ರಸದ ಸಾರವಾದ ಥೈರಾಕ್ಸಿನ್ನನ್ನು ಹರಳಾಗಿ ಬೇರ್ಪಡಿಸಿದನು. ೧೯೨೭ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿದರು. ಕುರಿಗಳು ಉಳಿದುಕೊಂಡವು, ಆದರೆ ಪ್ರಮಾಣದ ಪ್ರಶ್ನೆ ಉಳಿದೇ ಇತ್ತು. ರಕ್ತದಲ್ಲಿ ಟಿ.ಎಸ್.ಎಚ್. ಅಳೆಯುವ ಸೂಕ್ಷ್ಮ ಪರೀಕ್ಷೆಗಳು ಬರುವವರೆಗೆ ಅನೇಕರಿಗೆ ಬೇಕಾದುದಕ್ಕಿಂತ ಹೆಚ್ಚು ಮದ್ದು ಸಲ್ಲುತ್ತಿತ್ತು. ಟಿ.ಎಸ್.ಎಚ್. ಎಂದರೆ ಮಿದುಳಿನ ಬುಡದ ಗ್ರಂಥಿಯು ಥೈರಾಯ್ಡಿಗೆ ಕಳಿಸುವ ಅಪ್ಪಣೆ. ಥೈರಾಯ್ಡ್ ರಸ ಕಡಿಮೆಯಾದರೆ ಅಪ್ಪಣೆ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ೧೯೮೦ರ ದಶಕದಲ್ಲಿ, ದೀರ್ಘಕಾಲ ಈ ಗುಳಿಗೆ ತಿಂದ ಕೆಲವು ಹೆಂಗಸರ ಎಲುಬು ತೆಳುವಾದುದು ಕಂಡುಬಂತು. ಸುದ್ದಿ ಹಬ್ಬಿತು, ಆದರೆ ‘ಹೆಚ್ಚಾದರೆ’ ಎಂಬ ಮಾತು ದಾರಿಯಲ್ಲೆಲ್ಲೋ ಉದುರಿಹೋಯಿತು. ೨೦೦೧ರಲ್ಲಿ ಪ್ರಕಟವಾದ ಅಮೇರಿಕೆಯ ಒಂದು ಅಧ್ಯಯನ ಅದನ್ನು ಮತ್ತೆ ಎತ್ತಿಕೊಟ್ಟಿತು. ೬೫ ವರುಷ ದಾಟಿದ ಹೆಂಗಸರಲ್ಲಿ ಟಿ.ಎಸ್.ಎಚ್. ೦.೧ ಅಥವಾ ಅದಕ್ಕೂ ಕೆಳಗಿದ್ದವರಿಗೆ ಸೊಂಟದ ಎಲುಬು ಮುರಿಯುವ ಭಯ ಸುಮಾರು ಮೂರು ಪಟ್ಟು. ಆದರೆ ಗುಳಿಗೆ ನುಂಗುವುದೊಂದೇ ಆ ಭಯವನ್ನು ಹೆಚ್ಚಿಸಲಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ರಸ ಕಡಿಮೆಯಾದರೂ ಮೈಕೈ ನೋಯುತ್ತದೆ, ಸಂದು ಬಿಗಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ನೋವಿಗೆ ಅಂಜಿ ಗುಳಿಗೆ ಬಿಟ್ಟವರು ನೋವನ್ನೇ ಮನೆಗೆ ಕರೆದಂತಾದೀತು. ದೊಡ್ಡವ್ವನಾದರೋ ಗುಳಿಗೆ ಬಿಡುವ ಮೊದಲು, ಎಲುಬು ಗಟ್ಟಿಯಾಗಲೆಂದು ಸುಣ್ಣದಂಶದ ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ಚಹದೊಂದಿಗೆ ನುಂಗುತ್ತಿದ್ದಳು. ಕ್ಯಾಲ್ಸಿಯಂ ಜೊತೆಗಿದ್ದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡರ ನಡುವೆ ನಾಲ್ಕು ತಾಸಿನ ಅಂತರ ಬೇಕು. ತಿಂದಾಗ ಅರ್ಧ ವ್ಯರ್ಥ, ಬಿಟ್ಟಾಗ ಪೂರ್ತಿ ನಷ್ಟ!

ನಮ್ಮ ಸೀಮೆಗೆ ಈ ಗ್ರಂಥಿಯ ವಿಚಾರ ಪರದೇಶದ್ದಲ್ಲ. ಉಪ್ಪಿನಲ್ಲಿ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುವುದೆಂದು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ೧೯೫೬ರಿಂದ ನಡೆದ ಪ್ರಯೋಗ ತೋರಿಸಿಕೊಟ್ಟಿತು. ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಯೋಜನೆ ಮೊದಲಾಯಿತು. ಆದರೂ ೨೦೦೯ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಬೆಳಗಾವಿ ಜಿಲ್ಲೆಯ ಹಳ್ಳಿಗಳ ಮಕ್ಕಳಲ್ಲಿ ಗಳಗಂಡ ಇನ್ನೂ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿಯೇ ಇದೆಯೆಂದು ಕಂಡಿತು. ದೊಡ್ಡವ್ವನ ಬೇನೆ ಉಪ್ಪಿನಿಂದ ಬಂದುದಲ್ಲದಿರಬಹುದು. ಆದರೆ ಎರಡು ಕಡೆಗೂ ಪಾಠ ಒಂದೇ: ಚಿಟಿಕೆಯಷ್ಟು ವಸ್ತು, ತಕ್ಕ ಅಳತೆಯಲ್ಲಿ, ತಪ್ಪದೆ.

ಮಾರನೆಯ ದಿನ ಅವಳನ್ನು ವೈದ್ಯರ ಕಡೆಗೆ ಕರೆದೊಯ್ದೆ. ರಕ್ತ ಪರೀಕ್ಷಿಸಿದರು, ಅಪ್ಪಣೆ ಬಹಳ ಏರಿತ್ತು. ಗುಳಿಗೆ ಮತ್ತೆ ಬೆಳಗಿನ ಬರಿ ಹೊಟ್ಟೆಗೆ ಬಂತು, ಕ್ಯಾಲ್ಸಿಯಂ ರಾತ್ರಿಯೂಟದ ಪಾಲಾಯಿತು. ಎರಡು ತಿಂಗಳಾದ ಮೇಲೆ ಮತ್ತೆ ಅಳೆದರು. ಬೆರಳುಗಳ ಬಿಗಿ ಸಡಲಿದೆ. ಮೊಳಕಾಲು ಮಾತ್ರ ಇನ್ನೂ ನೋಯುತ್ತದೆ. ಅದು ಎಪ್ಪತ್ತು ವರುಷ ಹೊಲ ಮನೆ ತುಳಿದ ಸವೆತ, ಅದರ ಉಪಚಾರ ಬೇರೆ ಎಂದು ವೈದ್ಯರೆಂದರು.

“ಹಂಗಾರ ಗುಳಿಗಿದ ತಪ್ಪಿಲ್ಲನು?” ಎಂದು ಕೇಳಿದಳು.

“ಅಳತಿ ತಪ್ಪಿದರ ತಪ್ಪ, ದೊಡ್ಡವ್ವಾ” ಎಂದೆ.

“ರೊಟ್ಟಿಗಿ ಉಪ್ಪ ಹಾಕಿದಂಗ ಅನ್ನು” ಎಂದಳು. ನಾನು ಇಷ್ಟು ಪುಟ ಬರೆದು ಹೇಳಿದ್ದನ್ನು ಆಕೆ ಅಷ್ಟರಲ್ಲಿಯೇ ಮುಗಿಸಿದಳು.