ಯಾಜಕನೂ ಬಿನ್ನಹವೂ

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ದೇವನಹಳ್ಳಿಯನ್ನು ದಾಟಿ ಉತ್ತರಕ್ಕೆ ಸಾಗಿದರೆ ಆವತಿ ಎಂಬ ಗ್ರಾಮವು ಸಿಕ್ಕುತ್ತದೆ. ನೋಡುವವರಿಗೆ ಇದೊಂದು ಸಾಮಾನ್ಯವಾದ ಹಳ್ಳಿ. ಚರಿತ್ರೆಯನ್ನು ಬಲ್ಲವರಿಗೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಆಳಿದ ಗೌಡರ ಮನೆತನಗಳ ಮೂಲಸ್ಥಾನ. ಕಂಚಿಯ ಸೀಮೆಯಿಂದ ಬಂಡಿಗಳಲ್ಲಿ ಹೊರಟ ಮೊರಸು ಒಕ್ಕಲಿನ ಸಂಸಾರಗಳು ಇಲ್ಲಿ ಬಂದು ನೆಲಸಿದುವೆಂದು ಐತಿಹ್ಯವಿದೆ. ಪ್ರಬಲನಾದ ದೊರೆಯೊಬ್ಬನು ತಮ್ಮ ಮನೆಯ ಹೆಣ್ಣನ್ನು ಬಲವಂತದಿಂದ ಬೇಡಿದಾಗ ಅವರು ಓಡಿಬಂದರಂತೆ. ಪಾಲಾರ್ ನದಿಯು ತುಂಬಿ ಹರಿಯುತ್ತಿತ್ತು. ಆಗ ಆ ಹುಡುಗಿಯು ತನ್ನ ಕಿವಿಯ ಓಲೆಯನ್ನು ಗಂಗೆಗೆ ಅರ್ಪಿಸಲು, ಹೊಳೆಯು ಇಬ್ಭಾಗವಾಗಿ ದಾರಿಕೊಟ್ಟಿತಂತೆ.

ಈ ಒಕ್ಕಲಿನ ಒಂದು ಪಂಗಡಕ್ಕೆ ‘ಬೆರಳು ಕೊಡುವವರು’ ಎಂಬ ಹೆಸರಿತ್ತು. ಮಗಳಿಗೆ ಕಿವಿ ಚುಚ್ಚುವ ಶುಭಕಾರ್ಯಕ್ಕೆ ಮುಂಚೆ ತಾಯಿಯು ತನ್ನ ಬೆರಳುಗಳ ತುದಿಯನ್ನು ಕತ್ತರಿಸಿಕೊಂಡು ದೇವರಿಗೆ ಅರ್ಪಿಸುವುದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿ. ಸರ್ಕಾರವು ಇದನ್ನು ನಿಷೇಧಿಸಿದ ಮೇಲೆ ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ತೊಡಿಗೆಯನ್ನು ತೊಡಿಸಿ, ಬೆರಳಿಗೆ ಬದಲಾಗಿ ಅದನ್ನು ಕಳಚಿ ಒಪ್ಪಿಸುವ ರೂಢಿಯು ಬಂದಿತು.

ಕ್ರೈಸ್ತ ಮತದ ಯಾಜಕತ್ವವನ್ನು ಕುರಿತು ಹೇಳಹೊರಟು ಆವತಿಯ ಕಥೆಯನ್ನು ಏಕೆ ಎತ್ತಿದೆನೆಂದು ಶ್ರೋತೃಗಳು ಕೇಳಬಹುದು. ಇವೆರಡೂ ಒಂದೇ ಎಂದು ನಾನು ಹೇಳುವವನಲ್ಲ. ಆದರೆ ಮಗಳಿಗಾಗಿ ಬೆರಳನ್ನು ನೀಡಿದ ಆ ತಾಯಿಯ ಮುಂದೆ ಮೂರು ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಒಬ್ಬರ ಪರವಾಗಿ ಇನ್ನೊಬ್ಬರು ದೇವರ ಮುಂದೆ ನಿಲ್ಲಬಹುದೆ? ನಿಲ್ಲುವವರು ಕೊಡಬೇಕಾದದ್ದು ಏನು? ಕೊಟ್ಟದ್ದು ಎಂದಿಗಾದರೂ ಸಾಕಾಗುವುದೆ? ಯಾಜಕತ್ವದ ಚರಿತ್ರೆಯೆಂದರೆ ಈ ಮೂರು ಪ್ರಶ್ನೆಗಳ ಚರಿತ್ರೆಯೇ.

ಯೆಹೂದ್ಯರ ಪ್ರಾಚೀನ ಗ್ರಂಥಗಳಲ್ಲಿ ಮೊದಲನೆಯ ಮಹಾಯಾಜಕನು ಮೋಶೆಯ ಅಣ್ಣನಾದ ಆರೋನ. ಅವನ ಎದೆಯ ಪದಕದಲ್ಲಿ ಹನ್ನೆರಡು ರತ್ನಗಳು. ಒಂದೊಂದರ ಮೇಲೂ ಒಂದೊಂದು ಕುಲದ ಹೆಸರು. ಅವನು ದೇವಸನ್ನಿಧಿಗೆ ಹೋಗುವಾಗ ಇಡೀ ಜನಾಂಗವನ್ನು ಎದೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದನೆಂದು ಭಾವ. ಅತಿಪವಿತ್ರವಾದ ಒಳಗುಡಿಗೆ ವರ್ಷಕ್ಕೆ ಒಂದು ದಿನ ಮಾತ್ರ ಅವನಿಗೆ ಪ್ರವೇಶ. ಮೊದಲು ತನ್ನ ಪಾಪಕ್ಕಾಗಿ, ಆಮೇಲೆ ಜನರ ಪಾಪಕ್ಕಾಗಿ ಬಲಿಯ ರಕ್ತವನ್ನು ತೆಗೆದುಕೊಂಡು ಹೋಗಬೇಕು. ಮರುವರ್ಷ ಮತ್ತೆ ಹೋಗಬೇಕು. ಕ್ರಿ. ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ನಾಶಮಾಡಿದಾಗ ಈ ಬಲಿಕ್ರಮವು ನಿಂತುಹೋಯಿತು.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯೊಂದಿದೆ. ಅದರ ವಾದವು ಹೀಗೆ: ವರ್ಷವರ್ಷವೂ ಮಾಡಬೇಕಾದ ಬಲಿಯು ಸಾಲದೆಂಬುದಕ್ಕೆ ಅದನ್ನು ಮರಳಿ ಮಾಡಬೇಕಾಗಿರುವುದೇ ಸಾಕ್ಷಿ. ಕ್ರಿಸ್ತನಾದರೋ ಅರ್ಪಿಸುವವನೂ ತಾನೇ, ಅರ್ಪಿತವಾದದ್ದೂ ತಾನೇ. ಆ ಅರ್ಪಣೆಯು ಒಮ್ಮೆ ನಡೆದು ಪೂರ್ಣವಾಯಿತು. ಇನ್ನು ಅವನ ಕಾರ್ಯವು ಜನರ ಪರವಾಗಿ ಸದಾ ಬಿನ್ನಹಮಾಡುವುದು. ಮನುಷ್ಯರಂತೆ ಶೋಧನೆಗೊಳಗಾದವನಾದ್ದರಿಂದ ಅವರ ದೌರ್ಬಲ್ಯವನ್ನು ಅರಿತು ಮರುಗಬಲ್ಲನು. ಯಾಜಕನಿಗೆ ಮೇಲಿನವರ ಸಮೀಪವೆಷ್ಟೋ ಕೆಳಗಿನವರ ನೋವಿನ ಅರಿವೂ ಅಷ್ಟೇ ಅವಶ್ಯವೆಂಬುದು ಇಲ್ಲಿಯ ತಾತ್ಪರ್ಯ.

ಹಾಗಾದರೆ ಕ್ರೈಸ್ತರಲ್ಲಿ ಮತ್ತೆ ಯಾಜಕರೇಕೆ? ಇಲ್ಲಿ ಶಬ್ದದ ತೊಡಕೊಂದು ಉಂಟು. ಗ್ರೀಕಿನಲ್ಲಿ ಬಲಿಯನ್ನು ಅರ್ಪಿಸುವವನಿಗೆ ‘ಹಿಯೆರಿಯುಸ್’ ಎಂದು ಹೆಸರು. ಸಭೆಯ ಹಿರಿಯನಿಗೆ ‘ಪ್ರೆಸ್ಬುತೆರೊಸ್’ ಎಂದು ಹೆಸರು. ಹೊಸ ಒಡಂಬಡಿಕೆಯು ಮೊದಲನೆಯ ಮಾತನ್ನು ಕ್ರಿಸ್ತನಿಗೂ ಭಕ್ತಸಮೂಹಕ್ಕೂ ಸಲ್ಲಿಸುತ್ತದೆ. ಸಭೆಯನ್ನು ನಡೆಸುವವರನ್ನು ಎರಡನೆಯ ಮಾತಿನಿಂದ ಕರೆಯುತ್ತದೆ. ಆದರೆ ಇಂಗ್ಲಿಷಿನ ‘ಪ್ರೀಸ್ಟ್’ ಎಂಬ ಮಾತು ‘ಹಿರಿಯ’ನಿಂದ ಹುಟ್ಟಿ ‘ಯಾಜಕ’ನ ಅರ್ಥವನ್ನು ಪಡೆಯಿತು. 1520ರಲ್ಲಿ ಲೂಥರನು ದೀಕ್ಷಾಸ್ನಾನವನ್ನು ಪಡೆದವರೆಲ್ಲರೂ ಯಾಜಕರೇ ಎಂದು ಸಾರಿದನು. ರೋಮನ್ ಕ್ಯಾಥೊಲಿಕರಾದರೋ 1563ರ ಟ್ರೆಂಟ್ ಮಹಾಸಭೆಯಲ್ಲಿ, ಅಭಿಷಿಕ್ತನಾದ ಗುರುವಿನ ಅಧಿಕಾರವು ಬೇರೆಯೆಂದು ಸ್ಥಾಪಿಸಿದರು. ಗುರುವು ಬಲಿಪೂಜೆಯಲ್ಲಿ ಕ್ರಿಸ್ತನ ಬಲಿಗೆ ಇನ್ನೊಂದನ್ನು ಸೇರಿಸುವುದಿಲ್ಲ, ಆ ಒಂದನ್ನೇ ಸನ್ನಿಧಿಗೆ ತರುತ್ತಾನೆ ಎಂಬುದು ಅವರ ಉಪದೇಶ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ, ಭಕ್ತರೆಲ್ಲರ ಯಾಜಕತ್ವವೂ ಗುರುವಿನ ಯಾಜಕತ್ವವೂ ಸ್ವರೂಪದಲ್ಲಿ ಭಿನ್ನವಾದರೂ ಒಂದಕ್ಕೊಂದು ಸಂಬಂಧಪಟ್ಟವುಗಳೆಂದು ಹೇಳಿತು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯು ತನ್ನ ಪಾದ್ರಿಗಳಿಗೆ ‘ಪ್ರೆಸ್ಬಿಟರ್’ ಎಂಬ ಹಳೆಯ ಹೆಸರನ್ನೇ ಆರಿಸಿಕೊಂಡಿತು.

ಕನ್ನಡದಲ್ಲಿಯೂ ಈ ಭೇದವು ಕಾಣುತ್ತದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ವೇಳೆಗೆ ಬೈಬಲ್ಲು ಪೂರ್ಣವಾಗಿ ಕನ್ನಡಕ್ಕೆ ಬಂದಿತು. ಗ್ರಂಥದಲ್ಲಿ ರೂಢಿಯಾದ ಮಾತು ‘ಯಾಜಕ’. ಪ್ರಾಟೆಸ್ಟಂಟರ ಬಾಯಲ್ಲಿ ‘ಪಾದ್ರಿ’, ‘ಸಭಾಪಾಲಕ’. ಕ್ಯಾಥೊಲಿಕರ ಬಾಯಲ್ಲಿ ‘ಗುರುಗಳು’, ‘ಸ್ವಾಮಿಯವರು’. ಈ ಕಡೆಯ ಎರಡು ಹೆಸರುಗಳ ಹಿಂದೆ ದೀರ್ಘವಾದ ಚರಿತ್ರೆಯಿದೆ. 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸುಯಿಟ್ ಲಿಯೊನಾರ್ಡೊ ಚಿನ್ನಾಮಿಯು ಸಂನ್ಯಾಸಿಯ ವೇಷವನ್ನು ಧರಿಸಿ, ಕನ್ನಡವನ್ನು ಕಲಿತು ಉಪದೇಶಮಾಡಿದನು. 18ನೆಯ ಶತಮಾನದ ಆದಿಯಲ್ಲಿ ಪೂರ್ವದ ಕರ್ನಾಟಕ ಮಿಶನ್ನಿನ ಫ್ರೆಂಚ್ ಜೆಸುಯಿಟರು ಆವತಿಯ ನೆರೆಯ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಸೀಮೆಯಲ್ಲಿ ಸಂಚರಿಸಿದರು. 1773ರಲ್ಲಿ ಪೋಪರು ಜೆಸುಯಿಟ್ ಸಂಘವನ್ನೇ ವಿಸರ್ಜಿಸಿದ್ದರಿಂದ ಈ ಸಭೆಗಳಿಗೆ ಗುರುಗಳ ಅಭಾವವು ಒದಗಿತು.

ಅದಕ್ಕಿಂತ ಕಠಿಣವಾದ ಪರೀಕ್ಷೆಯು 1784ರಲ್ಲಿ ಬಂದಿತು. ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಗುರುಗಳನ್ನು ರಾಜ್ಯದಿಂದ ಹೊರಡಿಸಿದನು. 1799ರವರೆಗೆ, ಹದಿನೈದು ವರ್ಷಗಳ ಕಾಲ, ಆ ಸೆರೆಯು ನಡೆಯಿತು. ಬಲಿಪೂಜೆಯನ್ನು ಅರ್ಪಿಸುವುದೂ ಪಾಪನಿವೇದನೆಯನ್ನು ಕೇಳಿ ಕ್ಷಮೆಯನ್ನು ಸಾರುವುದೂ ಗುರುವಿಗೆ ಮಾತ್ರ ಸಲ್ಲುವ ಕಾರ್ಯಗಳು. ಗುರುವಿಲ್ಲದೆಡೆಯಲ್ಲಿ ಅವು ಇಲ್ಲ. ಆದರೆ ಆಪತ್ಕಾಲದಲ್ಲಿ ಯಾರು ಬೇಕಾದರೂ ನೀರೆರೆದು ದೀಕ್ಷಾಸ್ನಾನವನ್ನು ಕೊಡಬಹುದೆಂದು ಅದೇ ಸಭೆಯ ಶಾಸ್ತ್ರವು ಒಪ್ಪುತ್ತದೆ. ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದಕ್ಕಂತೂ ಅಭಿಷೇಕವೇ ಬೇಡ. ಗುರುವನ್ನು ಗಡಿಯಾಚೆ ಕಳುಹಬಹುದು. ಬಿನ್ನಹವನ್ನು ಕಳುಹುವುದು ಅಸಾಧ್ಯ.

ಚದುರಿದ ಮಂದೆಯನ್ನು ಕೂಡಿಸಲು 1799ರ ಬಳಿಕ ಬಂದವನು ಪ್ಯಾರಿಸ್ ವಿದೇಶ ಮಿಶನ್ನಿನ ಅಬೆ ದ್ಯುಬ್ವಾ. ಜನರು ಅವನನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಪೂಜೆ ಪ್ರಸಂಗಗಳಷ್ಟಕ್ಕೇ ಅವನು ನಿಲ್ಲಲಿಲ್ಲ. ಹಾಸನದ ಸೀಮೆಯ ಸಾತಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿದನು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದಾಕು ಹಾಕಿಸಿದನು. ಮೂವತ್ತು ವರ್ಷ ಇಲ್ಲಿ ದುಡಿದು 1823ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ ತನ್ನ ಮತಪ್ರಚಾರವು ಫಲಿಸಲಿಲ್ಲವೆಂಬ ನಿರಾಶೆಯು ಅವನಿಗಿತ್ತು. ಜನರನ್ನು ಎದೆಯ ಮೇಲೆ ಹೊತ್ತವನಿಗೆ ಆ ಭಾರವೂ ಸಲ್ಲುವುದಷ್ಟೆ.

ಬಿನ್ನಹವೆಂದರೆ ಅಧಿಕಾರಿಯ ಬಳಿ ಮಾಡಿಸುವ ಶಿಫಾರಸೆಂದು ತಿಳಿಯಬಾರದು. ಮನಸ್ಸಿಲ್ಲದ ದೊರೆಯನ್ನು ಒಲಿಸುವುದು ಶಿಫಾರಸು. ಕ್ರೈಸ್ತರ ದೃಷ್ಟಿಯಲ್ಲಿ ದೇವರು ಆಗಲೇ ಒಲಿದವನು. ಸೊದೋಮ್ ಪಟ್ಟಣಕ್ಕಾಗಿ ಅಬ್ರಹಾಮನು ಐವತ್ತು ಮಂದಿ ನೀತಿವಂತರಿಂದ ತೊಡಗಿ ಹತ್ತಕ್ಕೆ ಇಳಿಯುವವರೆಗೂ ಬೇಡಿದನಷ್ಟೆ; ಪ್ರತಿಸಲವೂ ದೇವರು ಒಪ್ಪಿದನು. ಆ ಸಂವಾದದಲ್ಲಿ ಬದಲಾದವನು ದೇವರಲ್ಲ. ಪರರ ಊರಿನ ಅಳಿವುಳಿವನ್ನು ತನ್ನದಾಗಿ ಮಾಡಿಕೊಂಡ ಅಬ್ರಹಾಮನೇ. ಬೆಂಗಳೂರಿನ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಎಲ್ಲ ಮತದವರೂ ಬರುತ್ತಾರೆ. ಪ್ರಾಟೆಸ್ಟಂಟರು ಸಂತರ ಮೂಲಕ ಬೇಡುವುದನ್ನು ಒಪ್ಪರು; ಮಧ್ಯಸ್ಥನು ಕ್ರಿಸ್ತನೊಬ್ಬನೇ ಎನ್ನುವರು. ಕ್ಯಾಥೊಲಿಕರೂ ಅದನ್ನು ಅಲ್ಲಗಳೆಯದೆ, ತಾಯಿಯ ಪ್ರಾರ್ಥನೆಯು ಆ ಮಧ್ಯಸ್ಥಿಕೆಯೊಳಗೇ ಅಡಗಿದೆ ಎನ್ನುವರು. ವಾದವು ಇನ್ನೂ ಮುಗಿದಿಲ್ಲ. ಆದರೆ ಅಲ್ಲಿ ಮೋಂಬತ್ತಿಯನ್ನು ಹಚ್ಚುವ ತಾಯಿಯು ಹೆಚ್ಚಾಗಿ ತನಗಾಗಿ ಬೇಡುವುದಿಲ್ಲ, ಮಗುವಿಗಾಗಿ ಬೇಡುತ್ತಾಳೆ.

ಆವತಿಯ ಒಕ್ಕಲಿನ ತಾಯಿಯೂ ಬೇಡಿದ್ದು ಮಗಳಿಗಾಗಿಯೇ. ಇನ್ನು ಬೆರಳು ಬೇಡ, ಕೊಡಬೇಕಾದದ್ದನ್ನು ಒಬ್ಬನು ಒಮ್ಮೆಗೇ ಕೊಟ್ಟಾಯಿತು ಎಂಬುದು ಕ್ರೈಸ್ತರು ಅವಳಿಗೆ ಹೇಳುವ ಮಾತು. ಆ ಮಾತನ್ನು ನಂಬುವುದೂ ಬಿಡುವುದೂ ಅವರವರ ಮನಸ್ಸು. ಆದರೆ ನಂಬಿದವರಿಗೂ ಒಂದು ಕೆಲಸವು ಉಳಿಯುತ್ತದೆ: ನೆರೆಯವನ ಹೆಸರನ್ನು ಎದೆಯ ಮೇಲೆ ಹೊತ್ತು ದೇವರ ಮುಂದೆ ನಿಲ್ಲುವುದು. ಯಾಜಕತ್ವದ ಅರ್ಥವು ಅಷ್ಟರಲ್ಲಿದೆ.